ಗ್ರಾಫಿಕ್ಸ್ ಕಾರ್ಡಿಗೆ ಸದ್ದು ಮಾಡದ ಫ್ಯಾನ್

ನನ್ನ ಗ್ರಾಫಿಕ್ಸ್ ಕಾರ್ಡಿನ ಎರಡು ಪುಟ್ಟ ಫ್ಯಾನ್‌ಗಳು ಗೇಮ್ ಶುರುವಾದ ಕೂಡಲೇ ಕೀರಲು ದನಿಯಲ್ಲಿ ಕೂಗುತ್ತಿದ್ದವು. ಒಂದರ ಬೇರಿಂಗ್ ಸವೆದು ಟಿಕ್ ಟಿಕ್ ಸದ್ದು ಬೇರೆ. ಕೊನೆಗೆ ಅವನ್ನು ಬಿಚ್ಚಿ, ಬಿಸಿ ಹೀರುವ ಲೋಹದ ತಗಡುಗಳ ಕಟ್ಟು, ಅಂದ್ರೆ ಹೀಟ್‌ಸಿಂಕ್ ಮೇಲೆ, ಕಂಪ್ಯೂಟರ್ ಕ್ಯಾಬಿನೆಟ್ಟಿಗೆ ಹಾಕುವ 120 ಮಿ.ಮೀ.ನ ಎರಡು ಕೇಸ್ ಫ್ಯಾನ್ ಕೂರಿಸಿದೆ.

ದೊಡ್ಡ ಫ್ಯಾನೇ ಯಾಕೆ ಅಂದ್ರೆ, ಅದು ನಿಧಾನವಾಗಿ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತದೆ, ಸದ್ದು ಜಾಸ್ತಿ ಆಗೋದು ವೇಗದಿಂದಲೇ. ಒಂದೇ ಫ್ಯಾನಿನ ವೇಗ ಅರ್ಧ ಮಾಡಿದರೆ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹಾಗಂತ ಡಬ್ಬದ ಮೇಲಿನ ಗಾಳಿಯ ಅಂಕಿ ಮಾತ್ರ ನೋಡಿ ಸುಮ್ನೆ ಕೊಳ್ಳಬೇಡಿ. ಹೀಟ್‌ಸಿಂಕಿನ ತಗಡುಗಳು ಒತ್ತೊತ್ತಾಗಿ ಇರುತ್ತವೆ ಅಲ್ವಾ, ಅವುಗಳ ಸಂದಿಯಲ್ಲಿ ಗಾಳಿ ನುಗ್ಗಬೇಕಾದರೆ ಸ್ಟ್ಯಾಟಿಕ್ ಪ್ರೆಶರ್, ಅಂದ್ರೆ ಅಡ್ಡಿ ಇದ್ದರೂ ಗಾಳಿ ತಳ್ಳುವ ಒತ್ತಡ, ಚೆನ್ನಾಗಿರಬೇಕು. ನಾಕ್ಟುವಾ ಎನ್‌ಎಫ್-ಎ12ಎಕ್ಸ್25, ಆರ್ಕ್ಟಿಕ್ ಪಿ12 ಇಂಥ ಫ್ಯಾನ್‌ಗಳು.

ಮೊದಲು ಸ್ಕೇಲ್ ಹಿಡಿದು ಜಾಗ ಅಳೆಯಿರಿ. ಸಾಮಾನ್ಯ ಫ್ಯಾನ್ 25 ಮಿ.ಮೀ. ದಪ್ಪ, ಮದರ್‌ಬೋರ್ಡಿನಲ್ಲಿ ಬೇರೆ ಕಾರ್ಡ್ ಸಿಕ್ಕಿಸುವ ಕೆಳಗಿನ ಸ್ಲಾಟ್ ಮುಚ್ಚಿಹೋಗಬಹುದು. ಕಾರ್ಡಿನ ನಾಲ್ಕು ಪಿನ್ನಿನ ಕನೆಕ್ಟರ್ ಸಾಮಾನ್ಯವಾಗಿ ಮದರ್‌ಬೋರ್ಡಿನದಕ್ಕಿಂತ ಚಿಕ್ಕದು, ಅದಕ್ಕೊಂದು ಅಡಾಪ್ಟರ್ ಬೇಕು. ಅದನ್ನು ತಪ್ಪದೆ ತಗೊಳ್ಳಿ, ಯಾಕಂದ್ರೆ ಆಗ ಕಾರ್ಡೇ ತನ್ನ ಬಿಸಿ ನೋಡಿಕೊಂಡು ವೇಗ ಏರಿಸಿ ಇಳಿಸಿ ಮಾಡುತ್ತದೆ.

ನಾನು ಮೊದಲ ಸಲ ಫ್ಯಾನ್ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ, ಅಂದ್ರೆ ಜಿಪ್ ಟೈ, ತುಂಬಾ ಬಿಗಿದುಬಿಟ್ಟೆ. ಫ್ರೇಮ್ ಕೂದಲೆಳೆಯಷ್ಟು ಬಾಗಿ, ರೆಕ್ಕೆಯ ತುದಿ ಸರಸರ ಉಜ್ಜುತ್ತಿತ್ತು. ಸಡಿಲ ಮಾಡಿ, ನಾಲ್ಕು ಮೂಲೆಗೂ ರಬ್ಬರ್ ತುಂಡು ಇಟ್ಟೆ. ಈಗ 900 ಆರ್‌ಪಿಎಂನಲ್ಲಿ (ನಿಮಿಷಕ್ಕೆ 900 ಸುತ್ತು) ಕಿವಿ ಹತ್ತಿರ ಇಟ್ಟರೆ ಮಾತ್ರ ಸುಯ್ ಅನ್ನುತ್ತದೆ.