ಆಟಿ ಮಳೆಯಲ್ಲಿ ತಂಗಡಿ ಹೂವು

ಮಂಗಳೂರಿನಲ್ಲಿ ಹೊರಗೆ ಆಟಿ (ತುಳುವರ ಮಳೆಗಾಲದ ತಿಂಗಳು) ಮಳೆ, ಮೇಜಿನ ಮೇಲೆ ಬಯಲುಸೀಮೆಯ ತಂಗಡಿ. ತಾಮ್ರದ ತಗಡಿನ ಎಚ್ಚಿಂಗಿಗೆ, ಅಂದರೆ ತಗಡಿನಲ್ಲಿ ಕೊರೆದ ಗೆರೆಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಅಚ್ಚಿಗೆ, ಕೈಯಲ್ಲಿ ಬಣ್ಣ ತುಂಬುವುದಕ್ಕೆ ಇದು ಕಷ್ಟದ ಕಾಲ. ಬೇಸಗೆಯಲ್ಲಿ ಮೂರ್ನಾಲ್ಕು ದಿನಕ್ಕೆ ಒಣಗುವ ಎಣ್ಣೆ ಶಾಯಿಗೆ ಈಗ ವಾರ, ಹತ್ತು ದಿನವೂ ಬೇಕು. ಗೆರೆಯ ಮೇಲೆ ಬಿಳಿ ಕಾಗದದ ಚೂರು ಒತ್ತಿ ನೋಡಿ. ಕಪ್ಪು ಹತ್ತಿದರೆ ಜಲವರ್ಣ ಮುಟ್ಟಲೇಬೇಡಿ, ಹಳದಿ ಎಸಳು ಕೊಳಕಾಗುತ್ತದೆ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಹತ್ತಿಯದ್ದಾದರೂ ತಿಂಗಳುಗಟ್ಟಲೆ ತೇವ ಕುಡಿದು ಸೈಜಿಂಗ್ (ಕಾಗದ ಬಣ್ಣ ಹೀರದಂತೆ ತಡೆಯುವ ಅಂಟು) ಸತ್ತಿದ್ದರೆ ಬಣ್ಣ ಗೆರೆ ದಾಟಿ ಹರಡುತ್ತದೆ. ಅಂಚಿನಲ್ಲಿ ಒಂದು ಹನಿ ಇಟ್ಟರೆ ಗೊತ್ತಾಗುತ್ತದೆ.

ಇನ್ನು ಅಚ್ಚಿಗೂ ಮೊದಲಿನ ಕೆಲಸ: ಗೆರೆ ಕೊರೆಯಲು, ತಾಮ್ರವನ್ನು ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ತಗಡನ್ನು ಮುಖ ಕೆಳಗಾಗಿ, ಮೂಲೆಗಳಿಗೆ ಆಸರೆ ಕೊಟ್ಟು ಇಡಿ. ಇಲ್ಲವಾದರೆ ಗಸಿ ಗೆರೆಯೊಳಗೆ ಕೂತು ಕೊರೆತ ನಿಂತೇ ಹೋಗುತ್ತದೆ. ಎಲೆಯ ನರಕ್ಕೆ 10 ನಿಮಿಷ ಸಾಕು. ಅದು ಮತ್ತೆ ಕೊರೆಯದಂತೆ ವಾರ್ನಿಷ್ ಮುಚ್ಚಿ, ಕಾಂಡಕ್ಕೆ ಇನ್ನೂ ಅರ್ಧ ಗಂಟೆ. ಬಳ್ಳಿಯಾದರೆ ಚಿತ್ರವನ್ನು ಮೊದಲೇ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವಿಕೊಳ್ಳಿ, ಅಚ್ಚಿನಲ್ಲಿ ಅದು ಸುತ್ತುವ ದಿಕ್ಕೇ ಬದಲಾಗಿಬಿಡುತ್ತದೆ.

ತಂಗಡಿಯಲ್ಲಿ ಹೂವಿಗಿಂತ ಚೆಂದ, ಎಲೆತೊಟ್ಟಿನ ಬುಡದಲ್ಲಿ ಕಿವಿಯಂತೆ ಅಗಲವಾಗಿ ನಿಂತ ಪುಟ್ಟ ಎಲೆಗಳು. ಅವನ್ನು ಬಿಟ್ಟರೆ ಅದು ತಂಗಡಿಯೇ ಅಲ್ಲ.

ಕೆಸುವಿನೆಲೆ ನೋಡಿ ಬೆಳೆದ ಕರಾವಳಿಯ ಕಣ್ಣು ಒಣನೆಲದ ಗಿಡಕ್ಕೂ ಹಸಿರು ಹೆಚ್ಚಿಸುತ್ತದಲ್ಲ! ಎಕ್ಕದೆಲೆಯ ಬೂದಿ ಛಾಯೆಗೆ ಬಿಳಿ ಬಳಿಯಬೇಡಿ. ತೆಳು ಹಸಿರಿಗೆ ಕುಂಚದ ತುದಿಯಷ್ಟು ಕೆಂಪು ಬೆರೆಸಿ, ಉಳಿದದ್ದನ್ನು ಕಾಗದದ ಬಿಳುಪಿಗೇ ಬಿಡಿ.