ಎರಡೇ ಬೋಲ್ಟ್ ಅಲ್ವಾ ಅಣ್ಣ?

ಮಂಡ್ಯದಲ್ಲಿ ನನ್ನದು ಕಾರಿನ ಎಲೆಕ್ಟ್ರಿಕಲ್ ಕೆಲಸದ ಅಂಗಡಿ. ಅಂಗಡಿಯಲ್ಲಿ, ಮದುವೆ ಊಟದ ಸಾಲಿನಲ್ಲಿ, ಹೋದ ತಿಂಗಳು ಒಂದು ಸಾವಿನ ಮನೆಯ ಜಗಲಿ ಮೇಲೂ ನನಗೆ ಬಂದಿದ್ದು ಒಂದೇ ಪ್ರಶ್ನೆ. "ಸ್ಟಿಯರಿಂಗ್ ಒಳಗಿನ ಏರ್‌ಬ್ಯಾಗ್ ನಾನೇ ಬದಲಾಯಿಸಿಕೊಳ್ಳಬಹುದಾ? ವಿಡಿಯೋ ನೋಡಿದೆ. ಎರಡೇ ಬೋಲ್ಟ್ ಅಲ್ವಾ ಅಣ್ಣ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೌದು, ಎರಡೇ ಬೋಲ್ಟ್. ಕೆಲವು ಕಾರಿನಲ್ಲಿ ಬೋಲ್ಟೂ ಇಲ್ಲ. ಸ್ಟಿಯರಿಂಗ್ ಹಿಂದಿರುವ ತೂತಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಸ್ಪ್ರಿಂಗ್ ಒತ್ತಿದರೆ ಏರ್‌ಬ್ಯಾಗ್ ಕೂತಿರುವ ನಡುವಿನ ಪ್ಯಾಡ್ ಕೈಗೆ ಬರುತ್ತದೆ. ಆದರೂ ನೀವು ಮಾಡಬೇಡಿ.

ಆ "ಎರಡೇ" ಅನ್ನುವ ಮಾತೇ ನನಗೆ ಸಿಟ್ಟು ಬರಿಸುವುದು. ಆಲೆಮನೆಯ ಗಾಣಕ್ಕೂ ಇರುವುದು ಒಂದೇ ಸ್ವಿಚ್. ಒಂದೇ ಸ್ವಿಚ್ ತಾನೆ ಅಂತ ಯಾರಾದರೂ ಗಾಣದ ಬಾಯಿಗೆ ಬೆರಳು ಇಡ್ತಾರಾ? ನಮ್ಮ ಊರಿನವರಿಗೆ ಗಾಣ ಏನು ಮಾಡುತ್ತದೆ ಅಂತ ಗೊತ್ತು. ಏರ್‌ಬ್ಯಾಗ್ ಏನು ಮಾಡುತ್ತದೆ ಅಂತ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ.

ಬ್ಯಾಗ್ ಅಂದ ತಕ್ಷಣ ಜನ ಬಲೂನ್ ಅಂದುಕೊಳ್ಳುತ್ತಾರೆ. ಬಟ್ಟೆಯ ಚೀಲದ ಹಿಂದೆ ಒಂದು ಲೋಹದ ಡಬ್ಬಿ ಇದೆ. ಅದರೊಳಗೆ ಉರಿದು ಗ್ಯಾಸ್ ಆಗುವ ರಾಸಾಯನಿಕ ಇದೆ. ಅದಕ್ಕೆ ಕಿಡಿ ಹಚ್ಚಲು ಹೆಚ್ಚುಕಮ್ಮಿ 1 ಆಂಪಿಯರ್ ಕರೆಂಟ್ ಸಾಕು, ಅದೂ ಒಂದೆರಡು ಮಿಲಿಸೆಕೆಂಡ್. ಸುಮಾರು 30 ಮಿಲಿಸೆಕೆಂಡಿನಲ್ಲಿ ಚೀಲ ಪೂರ್ತಿ ಉಬ್ಬಿ ನಿಂತಿರುತ್ತದೆ. ನೀವು ಒಂದು ಸಲ ಕಣ್ಣು ಮಿಟುಕಿಸಲು ಅದರ ಮೂರು ಪಟ್ಟಿಗಿಂತ ಜಾಸ್ತಿ ಹೊತ್ತು ಬೇಕು. ಹೊರಗೆ ಬರುವಾಗ ಅದರ ವೇಗ ಗಂಟೆಗೆ 200 ಕಿಲೋಮೀಟರ್ ದಾಟಬಲ್ಲದು. ದೀಪಾವಳಿಗೆ ಮಗ ಪಟಾಕಿಯನ್ನು ಕೈಯಲ್ಲಿ ಹಿಡಿದು ಹಚ್ಚಲು ಹೋದರೆ ಬೀದಿಗೆಲ್ಲ ಕೇಳುವ ಹಾಗೆ ಬೈಯುವ ಅಪ್ಪ, ಭಾನುವಾರ ಬೆಳಿಗ್ಗೆ ಇದನ್ನು ತೊಡೆಯ ಮೇಲೆ ಇಟ್ಟುಕೊಂಡು ವೈರ್ ಕೀಳಲು ಹೊರಟಿರುತ್ತಾನೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ನಿಮ್ಮ ಕಾರನ್ನು ಯಾರಿಗಾದರೂ ಕೊಟ್ಟಾಗ ಪಕ್ಕದಲ್ಲಿ ನಿಂತು ನೋಡಲು ಇದು ನಿಮಗೆ ಬೇಕು.

ಮೊದಲು ಚಕ್ರ ನೇರ ನಿಲ್ಲಿಸಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚುತ್ತೇನೆ. ಆಮೇಲೆ ಸುಮ್ನೆ ಕೂರುತ್ತೇನೆ. ಗಿರಾಕಿಗಳಿಗೆ ತಡೆಯಲು ಆಗದೆ ಇರುವುದು ಇದೊಂದೇ. "ಏನಣ್ಣ, ಕೆಲಸ ಶುರು ಮಾಡಲ್ವಾ?" ಅಂತಾರೆ. ಇದೇ ಕೆಲಸ. ಕಾರು ಡಿಕ್ಕಿ ಹೊಡೆದು ಬ್ಯಾಟರಿ ನಜ್ಜುಗುಜ್ಜಾದರೂ ಬ್ಯಾಗ್ ಸಿಡಿಯಲೇಬೇಕು. ಅದಕ್ಕಾಗಿ ಬ್ಯಾಗ್ ಸಿಡಿಸುವ ಕಂಟ್ರೋಲ್ ಯೂನಿಟ್ ತನ್ನೊಳಗೆ ಸ್ವಲ್ಪ ಕರೆಂಟ್ ಕೂಡಿಟ್ಟುಕೊಂಡಿರುತ್ತದೆ. ಬ್ಯಾಟರಿ ಬಿಚ್ಚಿದರೂ ಅದು ಇಳಿಯಲು ಹೊತ್ತು ಬೇಕು. ಎಷ್ಟು ಹೊತ್ತು ಅಂತ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿ ಬರೆದಿರುತ್ತದೆ. ಒಂದರಲ್ಲಿ 90 ಸೆಕೆಂಡ್, ಇನ್ನೊಂದರಲ್ಲಿ ಮೂರು ನಿಮಿಷ, ಹೀಗೆ ಬೇರೆ ಬೇರೆ. ನಾನು ಯಾವ ಕಾರಾದರೂ ಹತ್ತು ನಿಮಿಷಕ್ಕೆ ಕಮ್ಮಿ ಕಾಯುವುದಿಲ್ಲ. ಹುಡುಗನನ್ನು ಟೀಗೆ ಕಳಿಸುತ್ತೇನೆ. ಅವನು ಬಂದು, ಟೀ ಕುಡಿದು, ಲೋಟ ಇಟ್ಟ ಮೇಲೆ ಕೈ ಹಾಕುತ್ತೇನೆ.

ಮುಟ್ಟುವ ಮೊದಲು ಕಾರಿನ ಬರಿಯ ಲೋಹ ಒಂದು ಸಲ ಮುಟ್ಟುತ್ತೇನೆ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ ಅಂತ. ಏರ್‌ಬ್ಯಾಗಿನ ಕನೆಕ್ಟರ್ ಹಳದಿ ಬಣ್ಣದ್ದು. ಆ ಹಳದಿಗೆ ಮಲ್ಟಿಮೀಟರ್ ಹಚ್ಚಲೇಬಾರದು. ಮನೆ ವೈರಿಂಗ್ ಮಾಡುವ ಹುಡುಗರು "ಕಂಟಿನ್ಯೂಟಿ ನೋಡ್ತೀನಿ" ಅಂತ ಮೀಟರಿನ ಕಡ್ಡಿ ಚುಚ್ಚಲು ಬರುತ್ತಾರೆ. ವೈರಿನ ತಡೆ, ಅಂದರೆ ಓಮ್, ಅಳೆಯುವ ಮೀಟರ್ ತಾನೇ ಒಂದಿಷ್ಟು ಕರೆಂಟ್ ಕಳಿಸಿ ಅಳೆಯುತ್ತದೆ. ಎಲ್ಲಿಗೆ ಕಳಿಸುತ್ತಿದ್ದೀರಿ ಅಂತ ಯೋಚನೆ ಮಾಡಿ.

ಬಿಚ್ಚಿದ ಬ್ಯಾಗನ್ನು ಮುಖ ಆಚೆ ಮಾಡಿ ಹಿಡಿದುಕೊಂಡು ಹೋಗಬೇಕು, ಎದೆಗೆ ಅವುಚಿಕೊಂಡಲ್ಲ. ಇಡುವಾಗ ಪ್ಲಾಸ್ಟಿಕ್ ಮುಖ ಮೇಲೆ. ಕವುಚಿ ಇಟ್ಟಾಗ ಅದು ಸಿಡಿದರೆ ಲೋಹದ ಡಬ್ಬಿಯೇ ಚಾವಣಿಗೆ ಹಾರುತ್ತದೆ, ನಡುವೆ ನಿಮ್ಮ ತಲೆ ಇದ್ದರೆ ತಲೆಗೆ. ಸ್ಟಿಯರಿಂಗ್ ಚಕ್ರವನ್ನೇ ಬಿಚ್ಚಬೇಕಾಗಿ ಬಂದರೆ ಒಳಗಿನ ಕ್ಲಾಕ್ ಸ್ಪ್ರಿಂಗ್ ತಿರುಗದ ಹಾಗೆ ನೋಡಿಕೊಳ್ಳಬೇಕು. ಅದು ಹಾರ್ನಿಗೂ ಬ್ಯಾಗಿಗೂ ಕರೆಂಟ್ ಒಯ್ಯುವ, ಸುರುಳಿ ಸುತ್ತಿದ ಪಟ್ಟಿ ವೈರ್. ನಡುವಿನ ಗುರುತು ತಪ್ಪಿಸಿ ಹಾಕಿದರೆ ಒಂದು ದಿನ ಪೂರ್ತಿ ತಿರುಗಿಸಿದಾಗ ಕಿತ್ತುಹೋಗುತ್ತದೆ. ಹಾರ್ನೂ ಹೋಯಿತು, ಬ್ಯಾಗೂ ಹೋಯಿತು.

ಹೊಸ ಬ್ಯಾಗ್ ಹಾಕಿ, ಕನೆಕ್ಟರಿನ ಲಾಕ್ ಟಕ್ ಅಂದಿದ್ದು ಕೇಳಿಸಿಕೊಂಡು, ಕೊನೆಯಲ್ಲಿ ಬ್ಯಾಟರಿ. ಕೀ ಆನ್ ಮಾಡುವಾಗ ಕಾರಿನಲ್ಲಿ ಯಾರೂ ಕೂತಿರಬಾರದು. ನಾನು ಬಾಗಿಲ ಹೊರಗೆ ನಿಂತು, ಸ್ಟಿಯರಿಂಗಿನ ನೇರಕ್ಕೆ ಬರದೆ, ಪಕ್ಕದಿಂದ ಕೈ ಚಾಚಿ ಕೀ ತಿರುಗಿಸುತ್ತೇನೆ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಲೈಟ್ ಕೆಲವು ಸೆಕೆಂಡ್ ಹೊತ್ತಿ ಆರಬೇಕು.

ಈ ಲೈಟ್ ವಿಷಯಕ್ಕೆ ಬಂದರೆ ನನಗೆ ಪಾಂಡವಪುರದ ಕಡೆಯ ಗೌಡ್ರೊಬ್ಬರು ನೆನಪಾಗುತ್ತಾರೆ. ಮಗಳಿಗೆ ಬಿಡದಿಯಲ್ಲಿ ಕೆಲಸ ಸಿಕ್ಕಿತ್ತು. ವಾರಕ್ಕೊಮ್ಮೆ ಊರಿಗೆ ಬಂದು ಹೋಗಲಿ ಅಂತ ಕಬ್ಬಿನ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಡಿಸಿದ್ದರು. ಎಂಟು ತಿಂಗಳಾದ ಮೇಲೆ ನನ್ನ ಹತ್ತಿರ ತಂದರು. ತೊಂದರೆ ಬರೀ ಹಾರ್ನ್. ಬಲಗಡೆ ಒತ್ತಿದರೆ ಕೂಗುತ್ತೆ, ಎಡಗಡೆ ಒತ್ತಿದರೆ ಇಲ್ಲ. ಏರ್‌ಬ್ಯಾಗ್ ಲೈಟ್ ಸರಿಯಾಗಿ ಹೊತ್ತಿ ಆರುತ್ತಿತ್ತು. ಎಲ್ಲ ಪದ್ಧತಿ ಪ್ರಕಾರ ಕಾದು ಪ್ಯಾಡ್ ಬಿಚ್ಚಿದೆ. ತೆಗೆದಾಗಲೇ ಕೈಗೆ ಹಗುರ ಅನ್ನಿಸಿತು. ಪ್ಲಾಸ್ಟಿಕ್ ಮುಖ ಹಿಂದೊಮ್ಮೆ ಸೀಳಿತ್ತು, ಒಳಗಿನಿಂದ ಅಂಟು ಹಾಕಿದ್ದರು. ಬ್ಯಾಗ್ ಇರಬೇಕಾದ ಜಾಗದಲ್ಲಿ ಒಂದು ಹಳೆ ಲುಂಗಿಯ ತುಂಡು, ಮಡಿಸಿ ಟೇಪ್ ಸುತ್ತಿದ್ದು. ಹಳದಿ ಕನೆಕ್ಟರಿನಲ್ಲಿ ಕರೆಂಟಿಗೆ ತಡೆ ಒಡ್ಡುವ ಒಂದು ಪುಟ್ಟ ರೆಸಿಸ್ಟರ್. ಕಂಟ್ರೋಲ್ ಯೂನಿಟ್‌ಗೆ ಕಣ್ಣಿಲ್ಲ. ಅದು ನೋಡುವುದು ಅಲ್ಲಿ ಬ್ಯಾಗಿನಷ್ಟು ರೆಸಿಸ್ಟೆನ್ಸ್ ಇದೆಯಾ ಅಂತ ಮಾತ್ರ. ಇದೆ ಅಂದರೆ ಲೈಟ್ ಆರಿಸುತ್ತದೆ.

ಗೌಡ್ರು ಆ ಲುಂಗಿ ತುಂಡನ್ನು ಕೈಗೆ ತಗೊಂಡು ಅಂಗಡಿ ಬೆಂಚಿನ ಮೇಲೆ ಕೂತರು. "ಲೈಟ್ ಆರ್ತಿತ್ತಲ್ಲಪ್ಪ. ನಾನೇ ನಿಂತು ನೋಡಿ ತಗೊಂಡೆ ಕಣಪ್ಪ" ಅಂತ ಎರಡು ಸಲ ಹೇಳಿದರು. ಎಂಟು ತಿಂಗಳು ಆ ಹುಡುಗಿ 100ರ ವೇಗದ ಹೆದ್ದಾರಿಯಲ್ಲಿ ಲುಂಗಿ ಬಟ್ಟೆಯ ಮುಂದೆ ಕೂತು ಓಡಾಡಿದ್ದಳು. ಅವತ್ತಿನಿಂದ "ಬರೀ ಲೈಟ್ ಆರಿಸಿಕೊಡಿ ಸಾಕು" ಅಂದವರನ್ನು ನಾನು ಅಂಗಡಿಯಿಂದ ಎಬ್ಬಿಸಿ ಕಳಿಸುತ್ತೇನೆ. ಒರಟ ಅಂತಾರೆ. ಅನ್ನಲಿ.

ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಬೋಲ್ಟ್ ಎಷ್ಟು ಅಂತ ಅಲ್ಲ. ಒಳಗೆ ಏನಿದೆ, ಅದು ಎಲ್ಲಿಂದ ಬಂತು ಅಂತ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಕಂಪನಿಯಿಂದ ಬರುವಾಗ ಇರುತ್ತದೆ. ಒಂದು ಡಿಕ್ಕಿ ಆದ ಮೇಲೆ ಏನಾಯಿತು ಅನ್ನುವುದೇ ಮುಖ್ಯ. ಸಾಮಾನ್ಯ ಇನ್ಶೂರೆನ್ಸಿನಲ್ಲಿ ಏರ್‌ಬ್ಯಾಗಿಗೆ ಅರ್ಧ ಬೆಲೆ ಕಡಿತ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ ಜೊತೆ ಅದೂ 50 ಶೇಕಡಾ ಪಟ್ಟಿಯಲ್ಲಿದೆ. ಜೀರೋ ಡೆಪ್, ಅಂದರೆ ಈ ಕಡಿತ ಇಲ್ಲದ ಪಾಲಿಸಿ, ಇಲ್ಲದವರು ಉಳಿದ ಅರ್ಧವನ್ನು ಕೈಯಿಂದ ಹಾಕಬೇಕು. ಬ್ಯಾಗ್ ಸಿಡಿದ ಮೇಲೆ ಅದೊಂದನ್ನೇ ಹಾಕಿದರೆ ಆಗುವುದಿಲ್ಲ. ಡಿಕ್ಕಿಯಲ್ಲಿ ಸೀಟ್ ಬೆಲ್ಟ್ ಎಳೆದು ಬಿಗಿಮಾಡುವ ಪ್ರಿಟೆನ್ಷನರೂ ಸಾಮಾನ್ಯವಾಗಿ ಸುಟ್ಟಿರುತ್ತದೆ, ಕಂಟ್ರೋಲ್ ಯೂನಿಟ್ ಬದಲಾಯಿಸಬೇಕಾಗಬಹುದು, ಕ್ಲಾಕ್ ಸ್ಪ್ರಿಂಗ್, ಸೆನ್ಸರ್ ನೋಡಬೇಕು. ಬಿಲ್ ನೋಡಿ ಎದೆ ಒಡೆಯುತ್ತದೆ, ನನಗೆ ಅರ್ಥ ಆಗುತ್ತದೆ. ಗುಜರಿ ಬ್ಯಾಗು, ಲುಂಗಿ ಬಟ್ಟೆ ಎಲ್ಲ ಶುರುವಾಗುವುದು ಅಲ್ಲಿಂದಲೇ.

ಗುಜರಿ ಬ್ಯಾಗ್ ಬೇಡ ಅನ್ನುವುದಕ್ಕೆ ನನಗೆ ಕಾರಣ ಇದೆ. ಟಕಾಟಾ ಅಂತ ಜಪಾನಿನ ಕಂಪನಿ ಇತ್ತು. ಅವರ ಡಬ್ಬಿಯೊಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಖೆ, ತೇವ ಕುಡಿದು ಹಾಳಾಗಿ, ಸಿಡಿಯುವಾಗ ಡಬ್ಬಿಯೇ ಒಡೆದು ಲೋಹದ ಚೂರು ಜನರಿಗೆ ಹೊಕ್ಕಿತು. ಕೋಟಿಗಟ್ಟಲೆ ಬ್ಯಾಗ್ ವಾಪಸ್ ಕರೆಸಿದರು, ನಮ್ಮ ದೇಶದಲ್ಲೂ. 2017ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಗುಜರಿಯಲ್ಲಿ ಮಳೆಗೆ ನೆನೆದು ಬಿದ್ದಿದ್ದ ಕಾರಿನ ಬ್ಯಾಗ್ ಯಾವುದು, ನೆನೆಯದಿದ್ದದ್ದು ಯಾವುದು ಅಂತ ಮೇಲಿನಿಂದ ನೋಡಿ ನನಗೆ ಗೊತ್ತಾಗುವುದಿಲ್ಲ. ಚಾಸಿ ನಂಬರ್ ಕೊಟ್ಟು ಹೊಸದು ತರಿಸಿ. ಅದೇ ನಂಬರ್ ಹಾಕಿ ನಿಮ್ಮ ಕಾರಿಗೆ ಹೀಗೆ ವಾಪಸ್ ಕರೆ (ರೀಕಾಲ್) ಇದೆಯಾ ಅಂತ ಕಂಪನಿ ವೆಬ್‌ಸೈಟಿನಲ್ಲಿ ನೋಡಿ. ಇದ್ದರೆ ಕಾಸು ತಗೊಳ್ಳದೆ ಬದಲಾಯಿಸುತ್ತಾರೆ.

ಹಳೆ ಕಾರು ಕೊಳ್ಳುವಾಗ ಹಿಂದಿನ ಇನ್ಶೂರೆನ್ಸ್ ಕ್ಲೇಮ್ ಕೇಳಿ. ಸ್ಟಿಯರಿಂಗ್ ಪ್ಯಾಡಿನ ಬಣ್ಣ, ಸಂದು ನೋಡಿ. ಸೀಟ್ ಬೆಲ್ಟಿನ ಚೀಟಿಯಲ್ಲಿ ತಾರೀಖು ಇದ್ದರೆ ಕಾರಿನ ವರ್ಷಕ್ಕೆ ಹೊಂದುತ್ತದಾ ನೋಡಿ. ಅನುಮಾನ ಬಂದರೆ ಗೊತ್ತಿರುವವರ ಹತ್ತಿರ ಬಿಚ್ಚಿಸಿ.

ಗೌಡ್ರಿಗೆ ನಾನು ಬೇಕಾದ್ದನ್ನೆಲ್ಲ ಪಟ್ಟಿ ಬರೆದುಕೊಟ್ಟೆ. ಬ್ಯಾಗ್, ಮುಂದಿನ ಎರಡೂ ಬೆಲ್ಟ್, ಕಂಟ್ರೋಲ್ ಯೂನಿಟ್ ಎಲ್ಲ ಹೊಸದು ಹಾಕಿಸಿದರು. ಒಂದು ಭಾನುವಾರ ಮಗಳು ಕಾರು ತಂದು ಅಂಗಡಿ ಮುಂದೆ ನಿಲ್ಲಿಸಿದಳು. ಗಿಡ್ಡ ಹುಡುಗಿ, ಸ್ಟಿಯರಿಂಗಿಗೆ ಅಂಟಿಕೊಂಡ ಹಾಗೆ ಕೂತಿದ್ದಳು. ಇಳಿಯದೆ ಅಲ್ಲಿಂದಲೇ ಕೇಳಿದಳು: "ಅಣ್ಣ, ಈಗ ನಿಜವಾದದ್ದು ಒಳಗಿದೆ. ನಾನು ಎಷ್ಟು ದೂರ ಕೂರಬೇಕು?"

ಇಷ್ಟು ವರ್ಷದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಎದೆಮೂಳೆಯಿಂದ ಸ್ಟಿಯರಿಂಗಿನ ನಡುವಿಗೆ ಕನಿಷ್ಠ 25 ಸೆಂಟಿಮೀಟರ್ ಅಂದೆ. ಗೇಣು ಹಾಕಿ ನೋಡಿಕೊಂಡಳು. ಅವಳ ಒಂದು ಗೇಣಿಗೂ ಕಮ್ಮಿ ಇತ್ತು. ಸೀಟ್ ಹಿಂದಕ್ಕೆ ತಳ್ಳಿದರೆ ಕ್ಲಚ್ ಕಾಲಿಗೆ ಸಿಗಲಿಲ್ಲ. ಸೀಟ್ ಒಂದು ಹಲ್ಲು ಮಾತ್ರ ಹಿಂದೆ ಮಾಡಿ, ಬೆನ್ನಿನ ಭಾಗ ಸ್ವಲ್ಪ ವಾಲಿಸಿ, ಸ್ಟಿಯರಿಂಗ್ ಮುಖದ ಕಡೆ ನೋಡದೆ ಎದೆ ಕಡೆ ನೋಡುವ ಹಾಗೆ ಕೆಳಗೆ ಇಳಿಸಿದೆ. ಬೆಲ್ಟ್ ಹಾಕಿಕೊಂಡು ಮತ್ತೆ ಅಳೆದಳು. ಒಂದು ಗೇಣು, ಮೇಲೆ ನಾಲ್ಕು ಬೆರಳು. ಕ್ಲಚ್ ಮೂರು ಸಲ ಒತ್ತಿ ನೋಡಿ, ಸಿಗ್ತಿದೆ ಅಣ್ಣ ಅಂತ ಹೇಳಿ ಬಿಡದಿ ಕಡೆ ಹೊರಟಳು.