ಪಲ್ಸಾರ್ ಹುಡುಕಾಟ, ಶಿರಸಿಯಿಂದ: ಡಿಡಿಸ್ಪರ್ಷನ್ ಪೂರ್ತಿ ಕಾರ್ಡಿನೊಳಗೆ

ಪಲ್ಸಾರ್ ಅಂದರೆ ಗಿರಗಿರ ಸುತ್ತುತ್ತ ಲಯಬದ್ಧವಾಗಿ ರೇಡಿಯೊ ಮಿಡಿತ ಕಳಿಸುವ ಸತ್ತ ನಕ್ಷತ್ರ. ದಾರಿಯಲ್ಲಿ ಹರಡಿಹೋದ ಆ ಮಿಡಿತವನ್ನು ಮತ್ತೆ ಒಟ್ಟುಗೂಡಿಸುವುದೇ ಡಿಡಿಸ್ಪರ್ಷನ್. ಮಳೆ ಹಿಡಿಯುವ ಮೊದಲು ಆ ಕೆಲಸವನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ದಾಟಿಸಬೇಕು ಅಂತಿತ್ತು. ದಾಟಿತು. ಕಾರ್ಡು ಹುಬ್ಬಳ್ಳಿಯಲ್ಲಿ ಸಿಕ್ಕ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1660: 6 ಜಿಬಿ ಮೆಮೊರಿ, 120 ವ್ಯಾಟ್. ಗೇಮ್ ಆಡುವ ಹುಡುಗರು ಮೂಗು ಮುರಿಯುತ್ತಾರೆ, ನನ್ನ ಕೆಲಸಕ್ಕೆ ಧಾರಾಳ ಸಾಕು.

ಡೇಟಾ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದ ಮಲ್ಟಿಬೀಮ್ ಸಮೀಕ್ಷೆಯದು. 64 ಮೀಟರ್ ತಟ್ಟೆ, ಒಮ್ಮೆಗೆ ಆಕಾಶದ 13 ಬಿಂದುಗಳತ್ತ ಕಿವಿ, ಒಂದೊಂದು ಕಿವಿಯೂ ಒಂದು ಬೀಮ್. ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮ ಕಡೆ ನೆಟ್ ಚುರುಕಾಗುವುದು ರಾತ್ರಿ ಹತ್ತರ ಮೇಲೆ, ಹಾಗಾಗಿ ಹಚ್ಚಿಟ್ಟು ಮಲಗುವುದು. ಒಂದೊಂದು ಬೀಮಿನದೂ 35 ನಿಮಿಷದ ದಾಖಲೆ, 3 ಮೆಗಾಹರ್ಟ್ಸ್‌ನ 96 ಚಾನೆಲ್ (ಆವರ್ತನದ ತುಂಡುಗಳು), ಪ್ರತಿ 250 ಮೈಕ್ರೊಸೆಕೆಂಡಿಗೆ ಒಂದು ಅಳತೆ. ಅಳತೆ ಅಂದರೆ ಒಂದೇ ಬಿಟ್: ಸರಾಸರಿಗಿಂತ ಮೇಲೋ ಕೆಳಗೋ, ಅಷ್ಟೇ. ಇಷ್ಟರಲ್ಲಿ ಏನು ಸಿಕ್ಕೀತು ಅನ್ನುವವರಿಗೆ, ಈ ಸಮೀಕ್ಷೆಯೊಂದರಲ್ಲೇ 800ಕ್ಕೂ ಹೆಚ್ಚು ಪಲ್ಸಾರ್ ಸಿಕ್ಕಿವೆ.

ಲೆಕ್ಕ ಯಾಕೆ ಭಾರ? ನಕ್ಷತ್ರಗಳ ನಡುವಿನ ಎಲೆಕ್ಟ್ರಾನುಗಳನ್ನು ಹಾದು ಬರುವಾಗ ಕಡಿಮೆ ಆವರ್ತನದ ಅಲೆ ಹಿಂದೆ ಬೀಳುತ್ತದೆ. ದಾರಿಯಲ್ಲಿ ಸಿಕ್ಕ ಎಲೆಕ್ಟ್ರಾನುಗಳ ಒಟ್ಟು ಅಳತೆಗೆ ಡಿಸ್ಪರ್ಷನ್ ಮೆಷರ್, ಚಿಕ್ಕದಾಗಿ ಡಿಎಂ, ಅನ್ನುತ್ತಾರೆ. ವೇಲಾ ಪಲ್ಸಾರಿನದು ಸುಮಾರು 68. ಈ ಬ್ಯಾಂಡಿನಲ್ಲಿ 1518 ಮೆಗಾಹರ್ಟ್ಸ್‌ಗೆ ಹೋಲಿಸಿದರೆ 1230ರ ತುದಿ ಅಂದಾಜು 64 ಮಿಲಿಸೆಕೆಂಡ್ ತಡ. ವೇಲಾ ಒಂದು ಸುತ್ತು ಮುಗಿಸುವುದೇ 89 ಮಿಲಿಸೆಕೆಂಡಿನಲ್ಲಿ. ತಿದ್ದದೆ ಹಾಗೇ ಕೂಡಿದರೆ ಮಿಡಿತ ಕಲಸಿಹೋಗುತ್ತದೆ. ಗೊತ್ತಿಲ್ಲದ ಪಲ್ಸಾರಿನ ಡಿಎಂ ಮೊದಲೇ ಹೇಳಲು ಬಾರದು, ಒಂದೊಂದಾಗಿ ಹಾಕಿ ನೋಡಬೇಕು. ನಾನು ಹಾಕಿ ನೋಡಲು ಇಟ್ಟುಕೊಂಡಿದ್ದು 500 ಬೇರೆಬೇರೆ ಡಿಎಂ. ಅಲ್ಲಿಗೆ ಅಳತೆ, ಚಾನೆಲ್, ಡಿಎಂ ಎಲ್ಲ ಗುಣಿಸಿದರೆ ಬೀಮಿಗೆ 40 ಸಾವಿರ ಕೋಟಿ ಕೂಡಿಕೆ!

ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಒಂದು ಕೂಡಿಕೆಗೆ ಇನ್ನೊಂದರ ಹಂಗಿಲ್ಲ, ಕಾರ್ಡಿಗೆ ಇದು ಕೆಲವು ಸೆಕೆಂಡುಗಳ ಕೆಲಸ. ಹೊತ್ತು ತಿನ್ನುವುದು ಸಾಗಣೆ. ಪ್ರತಿ ಡಿಎಂಗೂ ಒಂದು ಫೈಲ್ ಬರೆದಿಡುವ ವಾಡಿಕೆಯ ದಾರಿಯಲ್ಲಿ, ಅಳತೆಗೆ 4 ಬೈಟ್‌ನಂತೆ ಒಂದು ಫೈಲ್ 33 ಎಂಬಿ ದಾಟುತ್ತದೆ. ಒಳಗೆ ಹೋಗುವುದು 100 ಎಂಬಿ, ಹೊರಗೆ ಬರುವುದು 16 ಜಿಬಿಗೂ ಹೆಚ್ಚು. ಅದನ್ನು ಡಿಸ್ಕಿಗೆ ಬರೆದು, ಮತ್ತೆ ಓದಿ, ಮಿಡಿತದ ಅವಧಿ ಹುಡುಕಿಕೊಡುವ ಲೆಕ್ಕವಾದ ಎಫ್‌ಎಫ್‌ಟಿಗೆ ಕೊಟ್ಟು... ಅಷ್ಟೂ ಹೊತ್ತು ಕಾರ್ಡು ಸುಮ್ಮನೆ ಕೂತಿರುತ್ತದೆ.

ಹಾಗಾಗಿ ಈ ಸಲ ಸಾಗಣೆಯನ್ನೇ ಕಡಿದೆ. ಬಿಟ್‌ಗಳು ಕಟ್ಟಿದ ಗಂಟಾಗಿಯೇ ಕಾರ್ಡಿಗೆ ಹೋಗುತ್ತವೆ, ಅಲ್ಲೇ ಬಿಚ್ಚಿಕೊಳ್ಳುತ್ತವೆ. ಬಿಚ್ಚಿದಾಗ ಬಿಟ್‌ಗೊಂದು ಬೈಟ್, ಸುಮಾರು 800 ಎಂಬಿ. 96 ಚಾನೆಲ್‌ನ ಬಿಟ್ ಎಲ್ಲ 1 ಆದರೂ ಮೊತ್ತ 96 ದಾಟುವುದಿಲ್ಲ, ಹಾಗಾಗಿ ಉತ್ತರಕ್ಕೂ ಒಂದು ಬೈಟ್ ಸಾಕು. ಕಾರ್ಡಿನ ಮೆಮೊರಿ ಸೆಕೆಂಡಿಗೆ 192 ಜಿಬಿ ಸಾಗಿಸಬಲ್ಲದು, 4 ಬೈಟಿನ ಬದಲು 1 ಅಂದರೆ ಹೊರೆ ಕಾಲು ಭಾಗ. ನನಗೆ ತುಂಬ ಖುಷಿ ಕೊಟ್ಟ ಉಳಿತಾಯ ಇದು.

ಇನ್ನೊಂದು ತೊಡಕು ಫೈಲಿನೊಳಗಿನ ಸಾಲು. ಪ್ರತಿ ಕ್ಷಣದ 96 ಚಾನೆಲ್ ಒಟ್ಟೊಟ್ಟಿಗೆ ಕೂತಿರುತ್ತವೆ, ನಮಗೆ ಬೇಕಾದ್ದು ಒಂದು ಚಾನೆಲ್‌ನ ಎಲ್ಲ ಕ್ಷಣ ಒಂದೆಡೆ. ಪ್ರತಿ ಕೊಯ್ಲಿನ ಮೂಟೆಯಲ್ಲೂ ಎಲ್ಲ ದರ್ಜೆಯ ಅಡಿಕೆ ಬೆರೆತಿದ್ದ ಹಾಗೆ. ವ್ಯಾಪಾರಕ್ಕೆ ಮುಂಚೆ ಆರಿಸಿ ರಾಶಿ ಹಾಕಲೇಬೇಕು. ಕಾರ್ಡಿನಲ್ಲಿ ಏಕಕಾಲಕ್ಕೆ ಲೆಕ್ಕ ಮಾಡುವ 32 ಥ್ರೆಡ್‌ಗಳು ಜೊತೆಯಾಗಿ ಹೆಜ್ಜೆ ಹಾಕುತ್ತವೆ, ಅವು ಓದುವ ವಿಳಾಸಗಳು ಅಕ್ಕಪಕ್ಕ ಇದ್ದರೆ ಮಾತ್ರ ವೇಗ. ಬಿಚ್ಚುವಾಗಲೇ ಸಾಲು ತಿರುಗಿಸಿ ಇಡುವಂತೆ ಬರೆದ ಮೇಲೆ ಅದೂ ನೇರವಾಯಿತು. ಎಫ್‌ಎಫ್‌ಟಿಯೂ ಅಲ್ಲೇ. ದಾಖಲೆಯ ಉದ್ದ 83,88,608 ಅಳತೆ, ಎರಡರ 23ನೇ ಘಾತ, ಎಫ್‌ಎಫ್‌ಟಿಗೆ ಹೇಳಿ ಮಾಡಿಸಿದ ಸಂಖ್ಯೆ. ಹೊರಗೆ ಬರುವುದು ಡಿಎಂ, ಅವಧಿ, ಬಲ ಬರೆದ ಒಂದು ಸಣ್ಣ ಪಟ್ಟಿ ಮಾತ್ರ.

ಪರೀಕ್ಷೆಗೆ ಪಲ್ಸಾರ್ ತಂತ್ರಾಂಶವಾದ ಸಿಗ್‌ಪ್ರಾಕ್‌ನ ‘ಫೇಕ್’ ಪ್ರೋಗ್ರಾಮಿನಿಂದ ವೇಲಾದ ಅವಧಿ, ಡಿಎಂ ಇಟ್ಟು ಹುಸಿ ಪಲ್ಸಾರ್ ಮಾಡಿದೆ. ಶಿಖರ 68ರಲ್ಲೇ ಎದ್ದಿತು, ಎರಡೂ ಕಡೆ ಇಳಿಯಿತು. ನಿಜ ಡೇಟಾದ ಪಟ್ಟಿಯನ್ನು ಇನ್ನೊಂದು ಪಲ್ಸಾರ್ ತಂತ್ರಾಂಶ ಪ್ರೆಸ್ಟೊ ಕೊಡುವ ಉತ್ತರದೊಡನೆ ತಾಳೆ ನೋಡುತ್ತಿದ್ದೇನೆ.

ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೊ) ಹಾಕಿ 1420 ಮೆಗಾಹರ್ಟ್ಸ್‌ನ ಹೈಡ್ರೋಜನ್ ರೇಖೆ ನೋಡುವ ಕಾರವಾರದ ಗೆಳೆಯನೂ ಕಾರ್ಡು ತರಲಾ ಅಂತ ಕೇಳಿದ. ಬೇಡ ಮಾರಾಯ ಅಂದೆ. ಸೆಕೆಂಡಿಗೆ 24 ಲಕ್ಷ ಅಳತೆಯನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೂಡ ಸಂಭಾಳಿಸುತ್ತದೆ. ಆ ದುಡ್ಡು ಒಳ್ಳೆ ಆಂಪ್ಲಿಫೈಯರಿಗೂ ಉಪ್ಪುಗಾಳಿ ತಡೆಯುವ ಡಬ್ಬಿಗೂ ಹೋಗಲಿ.

ಕೈಗಾ ನಮ್ಮ ಜಿಲ್ಲೆಯಲ್ಲೇ ಇದ್ದರೂ ಗಾಳಿಮಳೆಗೆ ತಂತಿ ಮೇಲೆ ಮರ ಬಿದ್ದರೆ ಮನೆ ಕತ್ತಲೇ. ಒಂದು ಬೀಮ್ ಮುಗಿದೊಡನೆ ಪಟ್ಟಿ ಡಿಸ್ಕಿಗೆ ಹೋಗುತ್ತದೆ. ಕರೆಂಟು ಹೋದರೆ ನಷ್ಟ ಒಂದು ಬೀಮಿನ ಲೆಕ್ಕ, ಅಷ್ಟೇ. ಮಳೆಗಾಲದಲ್ಲಿ ಕ್ಯಾಬಿನೆಟ್ಟಿನ ಹಿಂದಿನ ಬಿಸಿಗಾಳಿಗೆ ಮನೆಯವರು ಒದ್ದೆ ಬಟ್ಟೆ ಒಡ್ಡುವುದು ಖಂಡಿತ.

ಉಳಿದದ್ದು ಭೂಮಿಯ ಗದ್ದಲ. ಪಾರ್ಕ್ಸ್‌ನವರನ್ನು ವರ್ಷಗಟ್ಟಲೆ ಕಾಡಿದ ‘ಪೆರಿಟಾನ್’ ಸಂಕೇತಗಳು, ಓಡುತ್ತಿದ್ದ ಮೈಕ್ರೋವೇವ್ ಓವನ್ನಿನ ಬಾಗಿಲು ತೆಗೆದಾಗ ಹೊರಬಿದ್ದವು ಅಂತ 2015ರಲ್ಲಿ ತಿಳಿಯಿತು. ಪ್ರತಿ ಕ್ಷಣದ 96 ಚಾನೆಲ್‌ಗಳ ಸರಾಸರಿ ಕಳೆಯುವ ಜೀರೊ-ಡಿಎಂ ಉಪಾಯ ಇದೆ, ಆದರೆ ಕಳೆದೊಡನೆ ಭಿನ್ನರಾಶಿ ಬಂದು ನನ್ನ ಒಂದು ಬೈಟಿನ ಲೆಕ್ಕ ಕೆಡುತ್ತದೆ. ಸದ್ಯಕ್ಕೆ 13 ಬೀಮ್‌ಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು, ಹಲವೆಡೆ ಒಟ್ಟಿಗೆ ಕಂಡದ್ದನ್ನು ಎಸೆಯುತ್ತೇನೆ. ಮಿತಿ ತೀರ ಬಿಗಿ ಮಾಡುವಂತಿಲ್ಲ: 2007ರಲ್ಲಿ ಪ್ರಕಟವಾದ ಲೋರಿಮರ್ ಸ್ಫೋಟ (ದೂರದ ಆಕಾಶದಿಂದಲೇ ಬಂದ ರೇಡಿಯೊ ಮಿಂಚು) ಮೂರು ಬೀಮ್‌ಗಳಲ್ಲಿ ಕಂಡಿತ್ತು. ನಾಲ್ಕರವರೆಗೆ ಬಿಟ್ಟಿದ್ದೇನೆ, ಐದಾದರೆ ಕಸದ ಬುಟ್ಟಿ.